ಬೆಂಕಿಗಿಂತ ಮೊದಲು ಪಂಪು: ಥರ್ಮಿಕ್ ಹೀಟರ್ ಚಾಲೂ ಮಾಡುವುದು ಹೇಗೆ

ನಮ್ಮ ಹುಬ್ಬಳ್ಳಿ ಕಡೆ ಫ್ಯಾಕ್ಟರಿಗಳಲ್ಲಿ ಥರ್ಮಿಕ್ ಹೀಟರನ್ನು ಬಾಯ್ಲರ್ ಅಂತಲೇ ಕರೆಯುತ್ತಾರೆ. ಇಲ್ಲವೇ ‘ಥರ್ಮೋಪ್ಯಾಕ್’ ಅನ್ನುತ್ತಾರೆ. ಅದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಜೆರಾಕ್ಸ್ ಅಂದ ಹಾಗೆ ಎಲ್ಲ ಮೇಕಿನ ಹೀಟರಿಗೂ ಅದೇ ಹೆಸರು ಅಂಟಿಕೊಂಡಿದೆ. ಹೆಸರು ಏನಿದ್ದರೂ ಪರವಾಗಿಲ್ಲ. ಆದರೆ ಅದು ಬಾಯ್ಲರ್ ಅಲ್ಲ ಅನ್ನುವುದು ಮಾತ್ರ ನಡೆಸುವವನ ತಲೆಯಲ್ಲಿ ಗಟ್ಟಿಯಾಗಿ ಕೂತಿರಬೇಕು. ಯಾಕಂದರೆ ಬಾಯ್ಲರ್ ನಡೆಸಿ ಕಲಿತ ಕೆಲವು ರೂಢಿಗಳು ಇಲ್ಲಿ ಕೈಕೊಡುತ್ತವೆ.

ಬಾಯ್ಲರಿನಲ್ಲಿ ನೀರು ಕುದಿದು ಹಬೆಯಾಗುತ್ತದೆ. ಥರ್ಮಿಕ್ ಹೀಟರಿನಲ್ಲಿ ಎಣ್ಣೆ ಕುದಿಯುವುದಿಲ್ಲ, ಬರೀ ಬಿಸಿಯಾಗುತ್ತದೆ. ಪಂಪು ಆ ಎಣ್ಣೆಯನ್ನು ಕುಲುಮೆಯೊಳಗಿನ ಸುರುಳಿ ಪೈಪಿನಲ್ಲಿ, ಅಂದರೆ ಕಾಯಿಲ್‌ನಲ್ಲಿ, ತಳ್ಳುತ್ತದೆ. ಬಿಸಿಯಾದ ಎಣ್ಣೆ ಮಷಿನ್ನಿಗೆ ಹೋಗಿ, ಕಾವು ಕೊಟ್ಟು, ತಿರುಗಿ ಪಂಪಿಗೆ ಬರುತ್ತದೆ. ಪ್ಲೈವುಡ್ ಪ್ರೆಸ್ಸಿಗೆ ಕಾವು ಕೊಡುವುದು ಇದೇ. ಪೇಂಟಿನ ರೆಸಿನ್ ಬೇಯಿಸುವುದು ಇದೇ. ಹಾವೇರಿ, ಗದಗ ಕಡೆ ರಸ್ತೆ ಬದಿಯಲ್ಲಿ ಹಾಟ್ ಮಿಕ್ಸ್ ಪ್ಲಾಂಟ್ ಕಾಣುತ್ತದಲ್ಲ, ಅಂಥ ಕಡೆ ಡಾಂಬರು ಗಟ್ಟಿಯಾಗದಂತೆ ಟ್ಯಾಂಕನ್ನು ಬಿಸಿ ಇಡುವುದೂ ಇದೇ.

ನೀರು ಬಿಟ್ಟು ಎಣ್ಣೆ ಯಾಕೆ? ಮನೆಯ ಕುಕ್ಕರ್ ನೆನಪು ಮಾಡಿಕೊಳ್ಳಿ. ಒಳಗೆ ಹೆಚ್ಚುಕಡಿಮೆ 120 ಡಿಗ್ರಿ ಕಾವು, ಸುಮಾರು 1 ಬಾರ್ ಒತ್ತಡ. ಅದೇ ಹಬೆಯಿಂದ 250 ಡಿಗ್ರಿ ಬೇಕು ಅಂದರೆ ಒತ್ತಡ ಸುಮಾರು 40 ಬಾರ್‌ಗೆ ಏರಬೇಕು. ಲಾರಿ ಟೈರಿನಲ್ಲಿ ಇರುವುದು ಏಳೆಂಟು ಬಾರ್ ಅಷ್ಟೇ. ಥರ್ಮಿಕ್ ಆಯಿಲ್ ಆದರೆ 250 ಡಿಗ್ರಿಯಲ್ಲೂ ದ್ರವವಾಗಿಯೇ ಇರುತ್ತದೆ. ಪಂಪು ತಳ್ಳುವಷ್ಟು ಒತ್ತಡ ಸಾಕು. ಸಾಮಾನ್ಯವಾಗಿ ಬಳಸುವ ಮಿನರಲ್ ಆಯಿಲ್‌ಗಳು ಸುಮಾರು 300 ಡಿಗ್ರಿವರೆಗೆ ತಡೆಯುತ್ತವೆ. ಇನ್ನೂ ಜಾಸ್ತಿ ಕಾವು ಬೇಕಾದರೆ ಸಿಂಥೆಟಿಕ್ ಎಣ್ಣೆ ಸಿಗುತ್ತದೆ, ಬೆಲೆಯೂ ಜಾಸ್ತಿ.

ಹಬೆ ಇಲ್ಲ, ಹಬೆಯ ಒತ್ತಡವೂ ಇಲ್ಲ. ಹಾಗಾಗಿ ಬಾಯ್ಲರ್ ಕಾಯ್ದೆಯ ಹಿಡಿತವೂ ಇದರ ಮೇಲೆ ಇಲ್ಲ. 1923ರ ಕಾಯ್ದೆ ಹಬೆ ಮಾಡುವ ಪಾತ್ರೆಯನ್ನು ಮಾತ್ರ ಬಾಯ್ಲರ್ ಅನ್ನುತ್ತಿತ್ತು. 2025ರಲ್ಲಿ ಬಂದ ಹೊಸ ಕಾಯ್ದೆಯೂ ಹಾಗೇ ಅನ್ನುತ್ತದೆ. ಬಾಯ್ಲರಿಗೆ ಸರ್ಟಿಫಿಕೇಟ್ ಇರುವ ಅಟೆಂಡೆಂಟ್ ಬೇಕು, ಇನ್‌ಸ್ಪೆಕ್ಟರ್ ಬರುತ್ತಾರೆ. ಆ ಕಾಯ್ದೆಯ ಪ್ರಕಾರ ಥರ್ಮಿಕ್ ಹೀಟರಿಗೆ ಅವು ಬೇಡ. ಮಾರುವವರು ‘ನಾನ್ ಐಬಿಆರ್’, ಅಂದರೆ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್‌ಗೆ ಒಳಪಡದ್ದು, ಅಂತ ಇದನ್ನೇ ದೊಡ್ಡದಾಗಿ ಹೇಳುತ್ತಾರೆ. ಅದನ್ನು ಕೇಳಿದ ಮಾಲೀಕರು ಎಷ್ಟೋ ಸಲ ನಿನ್ನೆ ಲೋಡಿಂಗ್ ಕೆಲಸಕ್ಕೆ ಬಂದ ಹುಡುಗನನ್ನು ಇವತ್ತು ಹೀಟರ್ ಮುಂದೆ ನಿಲ್ಲಿಸುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ. ಕಾಯ್ದೆ ಕೇಳದಿದ್ದರೂ ಒಳಗೆ ಸುತ್ತುತ್ತಿರುವುದು ಸಾವಿರಾರು ಲೀಟರ್ ಸುಡುವ ಎಣ್ಣೆ. ಅದು ತನ್ನ ಫ್ಲ್ಯಾಶ್ ಪಾಯಿಂಟಿಗಿಂತ, ಅಂದರೆ ಎಣ್ಣೆಯ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕಾವಿಗಿಂತ, ಹೆಚ್ಚಿನ ಕಾವಿನಲ್ಲೇ ಸುತ್ತುತ್ತಿರುತ್ತದೆ. ಪೈಪಿನ ಒಳಗೆ ಗಾಳಿ ಇಲ್ಲ, ಅದಕ್ಕೆ ಹೊತ್ತಿಕೊಳ್ಳುವುದಿಲ್ಲ, ಅಷ್ಟೇ.

ನಿಂತ ಎಣ್ಣೆ ಸುಡುತ್ತದೆ

ಇಡೀ ವಿಷಯ ಒಂದು ಮಾತಿನಲ್ಲಿದೆ: ಬೆಂಕಿಯ ಹತ್ತಿರ ಎಣ್ಣೆ ನಿಲ್ಲಬಾರದು.

ಹುಬ್ಬಳ್ಳಿಯಲ್ಲಿ ಸಂಜೆ ಮಿರ್ಚಿ ಕರಿಯುವವರ ಬಾಣಲೆ ನೋಡಿರುತ್ತೀರಿ. ಜಾಲರಿ ಸೌಟು ಆಡಿಸದೆ ಸುಮ್ನೆ ಇಟ್ಟು ಉರಿ ಜೋರು ಮಾಡಿದರೆ ತಳದ ಎಣ್ಣೆ ಮೊದಲು ಹೊಗೆಯಾಡುತ್ತದೆ, ಬಾಣಲೆಗೆ ಕರಿ ಹಿಡಿಯುತ್ತದೆ. ಕಾಯಿಲ್‌ನಲ್ಲೂ ಅದೇ ಕತೆ. ಪೈಪಿನ ಗೋಡೆಗೆ ಅಂಟಿಕೊಂಡು ಹೋಗುವ ತೆಳುವಾದ ಪದರ ಇರುತ್ತದೆ. ಅದಕ್ಕೆ ಫಿಲ್ಮ್ ಅನ್ನುತ್ತೇವೆ. ಪ್ಯಾನೆಲ್‌ನಲ್ಲಿ ಕಾಣುವ 260 ಡಿಗ್ರಿ ನಡುವಿನ ಎಣ್ಣೆಯ ಕಾವು. ಗೋಡೆಯ ಪದರ ಅದಕ್ಕಿಂತ 20–30 ಡಿಗ್ರಿ ಜಾಸ್ತಿಯೇ ಇರುತ್ತದೆ. ಎಣ್ಣೆ ಜೋರಾಗಿ ಹರಿದರೆ ಆ ಪದರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಿಧಾನವಾದರೆ ಅಲ್ಲೇ ಕೂತು ಬೇಯುತ್ತದೆ, ಒಡೆಯುತ್ತದೆ, ಇದ್ದಿಲಾಗುತ್ತದೆ. ಇದ್ದಿಲಿನ ಪದರ ಕಾವನ್ನು ಎಣ್ಣೆಗೆ ದಾಟಲು ಬಿಡುವುದಿಲ್ಲ. ಆಗ ಪೈಪಿನ ಲೋಹ ಇನ್ನೂ ಕಾಯುತ್ತದೆ, ಇನ್ನಷ್ಟು ಇದ್ದಿಲು ಕೂಡುತ್ತದೆ. ಕೊನೆಗೆ ಒಂದು ದಿನ ಪೈಪು ಉಬ್ಬಿ ಒಡೆಯುತ್ತದೆ. ಎಣ್ಣೆ ನೇರವಾಗಿ ಬೆಂಕಿಗೆ ಬೀಳುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಯುನಿಟ್‌ನಲ್ಲಿ. ಡಿಸೆಂಬರ್ ಚಳಿಯಲ್ಲಿ ಹೀಟರ್ ದಿನಾ ಬೆಳಗ್ಗೆ ಟ್ರಿಪ್ ಆಗುತ್ತಿತ್ತು. ಹರಿವು ಕಡಿಮೆಯಾದರೆ ಬರ್ನರ್ ನಿಲ್ಲಿಸುವ ಡಿಪಿ ಸ್ವಿಚ್ ತನ್ನ ಕೆಲಸ ಮಾಡುತ್ತಿತ್ತು. ತಣ್ಣಗಿನ ಎಣ್ಣೆ ಮಂದ, ಜೊತೆಗೆ ಎಣ್ಣೆ ಸೋಸುವ ಸ್ಟ್ರೇನರ್ ಅರ್ಧ ಕಟ್ಟಿಕೊಂಡಿತ್ತು. ಆದರೆ ಸ್ಟ್ರೇನರ್ ಬಿಚ್ಚುವ ಬದಲು ಯಾರೋ ಪ್ಯಾನೆಲ್ ತೆರೆದು ಎರಡು ಟರ್ಮಿನಲ್ ನಡುವೆ ಬೆರಳುದ್ದದ ಕೆಂಪು ವೈರು ಸಿಕ್ಕಿಸಿ ಆ ಸ್ವಿಚ್ಚನ್ನೇ ಸುಮ್ಮನಾಗಿಸಿದ್ದರು. ಟ್ರಿಪ್ ನಿಂತಿತು. ಎಲ್ಲರಿಗೂ ಖುಷಿ. ಬೇಸಿಗೆ ಬರುವಷ್ಟರಲ್ಲಿ ಹೀಟರ್ ಕಾವು ಕೊಡುತ್ತಿಲ್ಲ ಅಂತ ನಮ್ಮನ್ನು ಕರೆದರು. ಕಾಯಿಲ್‌ನ ಒಂದು ತುಂಡು ಕತ್ತರಿಸಿ ನೋಡಿದೆವು. ಒಳಗೆ ಸುತ್ತಲೂ ಕರಿ ಪದರ, ಹೆಂಚಿನ ತುಂಡಿನಷ್ಟು ಗಟ್ಟಿ. ಉಳಿಯಿಟ್ಟು ಹೊಡೆದರೆ ಚಕ್ಕೆ ಚಕ್ಕೆಯಾಗಿ ಬೀಳುತ್ತಿತ್ತು. ಪೈಪಿನ ಹೊರಮೈ ಒಂದು ಕಡೆ ಹಲಸಿನಂತೆ ಉಬ್ಬಿತ್ತು. ಒಡೆಯುವುದಕ್ಕೆ ಮುಂಚೆ ಕರೆದಿದ್ದೇ ಅವರ ಪುಣ್ಯ. ಆ ಕೆಂಪು ವೈರು ಇನ್ನೂ ಪ್ಯಾನೆಲ್‌ನಲ್ಲೇ ಇತ್ತು.

ಚಾಲೂ ಮಾಡುವ ಮುಂಚೆ

ಬೆಳಗ್ಗೆ ಹೀಟರ್ ರೂಮಿಗೆ ಬಂದ ಕೂಡಲೇ ಕೈ ಬರ್ನರ್ ಸ್ವಿಚ್ಚಿಗೆ ಹೋಗಬಾರದು. ಮೊದಲು ಒಂದು ಸುತ್ತು ಹಾಕಬೇಕು. ನೆಲದ ಮೇಲೆ ಎಣ್ಣೆ ಕಲೆ ಇದೆಯಾ? ಪಂಪಿನ ಸೀಲ್ ಕೆಳಗೆ ತೊಟ್ಟಿಕ್ಕಿದೆಯಾ? ಗ್ಲಾಸ್‌ವುಲ್ (ಗಾಜಿನ ನಾರು) ಹೊದಿಕೆ ಎಲ್ಲಾದರೂ ಕಪ್ಪಾಗಿದೆಯಾ? ಆಮೇಲೆ ಮೇಲಿನ ಎಕ್ಸ್‌ಪಾನ್ಶನ್ ಟ್ಯಾಂಕಿನ ಲೆವೆಲ್ ನೋಡಬೇಕು. ಎಣ್ಣೆ ಕಾಯ್ದರೆ ಹಿಗ್ಗುತ್ತದೆ. 1000 ಲೀಟರ್ ತಣ್ಣಗಿನ ಎಣ್ಣೆ 270 ಡಿಗ್ರಿ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ 1200 ಲೀಟರ್ ಆಗುತ್ತದೆ. ಆ ಹೆಚ್ಚುವರಿ ಹೋಗಿ ಸೇರುವುದು ಈ ಟ್ಯಾಂಕಿಗೆ. ಹಾಗಾಗಿ ತಣ್ಣಗಿದ್ದಾಗ ಟ್ಯಾಂಕ್ ಕಾಲು ಭಾಗ ತುಂಬಿದ್ದರೆ ಸಾಕು. ‘ಕಡಿಮೆ ಕಾಣ್ತಿದೆ’ ಅಂತ ತಣ್ಣಗಿದ್ದಾಗಲೇ ಮುಕ್ಕಾಲು ತುಂಬಿಸಿದರೆ ಮಧ್ಯಾಹ್ನದ ಹೊತ್ತಿಗೆ ಬಿಸಿ ಎಣ್ಣೆ ಉಕ್ಕಿ ಹೊರಗೆ ಬರುತ್ತದೆ.

ವಾಲ್ವ್‌ಗಳನ್ನು ಕೈಯಿಟ್ಟು ನೋಡಬೇಕು. ಪಂಪಿನ ಮುಂದೆ, ಹಿಂದೆ, ಹೀಟರಿಗೆ ಹೋಗುವುದು, ಬರುವುದು, ಎಲ್ಲ ತೆರೆದಿರಬೇಕು. ಟ್ಯಾಂಕಿನಿಂದ ಇಳಿಯುವ ಲೈನ್ ಅಂತೂ ಎಂದಿಗೂ ಮುಚ್ಚಿರಬಾರದು. ಮಷಿನ್ ಕಡೆ ವಾಲ್ವ್‌ಗಳೆಲ್ಲ ಮುಚ್ಚಿದರೂ ಎಣ್ಣೆ ಹೀಟರಿನಲ್ಲಿ ಸುತ್ತಲು ಒಂದು ಬೈಪಾಸ್ ದಾರಿ ಇರುತ್ತದೆ. ಅದು ಕೆಲಸ ಮಾಡುತ್ತಿದೆಯಾ ಅಂತ ನೋಡಿ.

ಆಮೇಲೆ ಪಂಪು ಹಾಕಿ. ಬೆಂಕಿ ಇನ್ನೂ ಬೇಡ. ಒತ್ತಡದ ಮುಳ್ಳು ನಡುಗದೆ ನಿಲ್ಲಬೇಕು. ಕಾಯಿಲ್‌ನ ಒಳಹೋಗುವ ಮತ್ತು ಹೊರಬರುವ ಒತ್ತಡದ ವ್ಯತ್ಯಾಸ ಹರಿವು ಎಷ್ಟಿದೆ ಅಂತ ಹೇಳುತ್ತದೆ. ಅದು ಕಂಪನಿ ಹೇಳಿದಷ್ಟು ಇದ್ದರೆ ಮಾತ್ರ ಮುಂದಿನ ಹೆಜ್ಜೆ.

ಮುಂದಿನದು ಕುಲುಮೆಯ ಗಾಳಿ ಬದಲಿಸುವುದು. ಡೀಸೆಲ್ ಅಥವಾ ಗ್ಯಾಸ್ ಬರ್ನರ್ ಆದರೆ ರಾತ್ರಿಯಿಡೀ ಸೋರಿದ ಇಂಧನದ ಆವಿ ಒಳಗೆ ನಿಂತಿರಬಹುದು. ಕಿಡಿ ಕೊಟ್ಟರೆ ಢಂ ಅನ್ನುತ್ತದೆ. ಕುಲುಮೆಯೊಳಗಿನ ಗಾಳಿ ನಾಲ್ಕೈದು ಸಲ ಪೂರ್ತಿ ಬದಲಾಗುವಷ್ಟು ಹೊತ್ತು ಬ್ಲೋವರ್ ಓಡಬೇಕು. ಬರ್ನರ್ ಹೊತ್ತಿಕೊಳ್ಳದೆ ಟ್ರಿಪ್ ಆದರೆ ಮತ್ತೆ ಮೊದಲಿಂದ. ರೀಸೆಟ್ ಬಟನ್ ಒತ್ತಿ, ಒತ್ತಿ, ಒತ್ತಿ ಕೂಡುವವರನ್ನು ನೋಡಿದ್ದೇನೆ. ಪ್ರತಿ ಸಲ ಒತ್ತಿದಾಗಲೂ ಒಳಗೆ ಸುಡದ ಡೀಸೆಲ್ ಒಂದಿಷ್ಟು ಸೇರುತ್ತಿರುತ್ತದೆ ಅನ್ನುವುದು ಅವರಿಗೆ ಯಾರೂ ಹೇಳಿರುವುದಿಲ್ಲ.

ಕಡಕಡ ಸದ್ದು

ಬೆಂಕಿ ಹತ್ತಿತು. ಈಗ ತಾಳ್ಮೆ ಬೇಕು. ಮೊದಲು ಸಣ್ಣ ಉರಿ. ತಣ್ಣಗಿನ ಎಣ್ಣೆ ಎಂಜಿನ್ ಆಯಿಲ್‌ನಂತೆ ಮಂದವಾಗಿ ಸಾಗುತ್ತದೆ. ಧಾರವಾಡದ ಜನವರಿ ಬೆಳಗಿನಲ್ಲಿ ಇನ್ನೂ ಮಂದ. ಆ ಹೊತ್ತಿನಲ್ಲಿ ಉರಿ ಜೋರು ಮಾಡಿದರೆ ಮೇಲೆ ಹೇಳಿದ ಫಿಲ್ಮ್ ಬೆಂದುಹೋಗುತ್ತದೆ, ಪ್ಯಾನೆಲ್‌ನಲ್ಲಿ ಬರೀ 60 ಡಿಗ್ರಿ ಕಾಣುತ್ತಿದ್ದರೂ! ಕಾವು ಏರಿದ ಹಾಗೆ ಎಣ್ಣೆ ತೆಳುವಾಗುತ್ತದೆ. 250 ಡಿಗ್ರಿಯಲ್ಲಿ ಅದು ಹೆಚ್ಚುಕಡಿಮೆ ನೀರಿನಷ್ಟೇ ಸಲೀಸಾಗಿ ಹರಿಯುತ್ತದೆ. ತಣ್ಣಗಿದ್ದಾಗ ಸೋರದ ಜಾಯಿಂಟ್ ಬಿಸಿಯಾದಾಗ ಸೋರುವುದೂ ಇದಕ್ಕೇ.

ಹೊಸ ಹೀಟರ್, ಹೊಸ ಎಣ್ಣೆ, ಅಥವಾ ತಿಂಗಳುಗಟ್ಟಲೆ ನಿಂತ ಹೀಟರ್ ಆದರೆ 100 ಡಿಗ್ರಿಯ ಹತ್ತಿರ ನಿಲ್ಲಲೇಬೇಕು. ಯಾಕಂದರೆ ಒಳಗೆ ಎಲ್ಲೋ ನೀರಿರುತ್ತದೆ. ಬ್ಯಾರಲ್ ಹೊರಗೆ ಮಳೆಯಲ್ಲಿ ಇಟ್ಟಿದ್ದಾರು, ಪೈಪಿನಲ್ಲಿ ಹಸಿ ಉಳಿದಿದ್ದೀತು, ಲೈನನ್ನು ನೀರು ತುಂಬಿಸಿ ಟೆಸ್ಟ್ ಮಾಡಿದ್ದಾರು. ನೀರಿನ ಟೆಸ್ಟ್ ಈ ಲೈನಿಗೆ ಬೇಡವೇ ಬೇಡ ಅಂತ ನಾನು ಪ್ರತಿ ಫ್ಯಾಬ್ರಿಕೇಟರ್ ಹತ್ತಿರ ಜಗಳ ಆಡುತ್ತೇನೆ. 1 ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಬೇಕು. ಕಾದ ಎಣ್ಣೆಗೆ ಒದ್ದೆ ಸೌಟು ಇಟ್ಟಾಗ ಏನಾಗುತ್ತದೆ ಅಂತ ಅಡುಗೆಮನೆಯಲ್ಲಿ ಎಲ್ಲರೂ ನೋಡಿದ್ದೇವೆ. ಅದೇ ಆಟ ಇಲ್ಲಿ ಸಾವಿರಾರು ಲೀಟರಿನಲ್ಲಿ ಆಗುತ್ತದೆ. ಟ್ಯಾಂಕಿನ ಬಾಯಿಂದ ಕುದಿ ಎಣ್ಣೆ ಕಾರಂಜಿಯಂತೆ ಚಿಮ್ಮುತ್ತದೆ.

ಅದಕ್ಕೇ ನಿಧಾನವಾಗಿ ಕಾಯಿಸಿ, 100ರಿಂದ 120 ಡಿಗ್ರಿ ನಡುವೆ ಹಿಡಿದಿಟ್ಟು ನೀರನ್ನು ಓಡಿಸಬೇಕು. ಈ ಹೊತ್ತಿನಲ್ಲಿ ಎಣ್ಣೆಯಿಂದ ಗಾಳಿ, ಹಬೆ ಬೇರೆ ಮಾಡುವ ಡೀಏರೇಟರ್‌ನಿಂದ ಎಕ್ಸ್‌ಪಾನ್ಶನ್ ಟ್ಯಾಂಕಿಗೆ ಹೋಗುವ ವಾಲ್ವ್ ತೆರೆದಿರುತ್ತದೆ. ಹಬೆ ಆ ದಾರಿಯಲ್ಲಿ ಮೇಲೆ ಹೋಗಿ ವೆಂಟಿನಿಂದ ಹೊರಬೀಳುತ್ತದೆ. ಆಗ ಮೀಟರ್ ನೋಡುವುದಕ್ಕಿಂತ ಕಿವಿ ಕೊಡುವುದು ಮುಖ್ಯ. ಪೈಪಿನೊಳಗೆ ಕಡಕಡ ಸದ್ದು ಬರುತ್ತದೆ, ಕಲ್ಲು ಉರುಳಿದ ಹಾಗೆ. ಪಂಪು ಕೆಮ್ಮುತ್ತದೆ. ಒತ್ತಡದ ಮುಳ್ಳು ಕುಣಿಯುತ್ತದೆ. ಮುಳ್ಳು ಜಾಸ್ತಿ ಕುಣಿದರೆ ಉರಿ ತಗ್ಗಿಸಿ, ನಿಲ್ಲಲು ಬಿಡಿ, ಮತ್ತೆ ಸ್ವಲ್ಪ ಏರಿಸಿ. ಹೊಸ ಲೈನಿಗೆ ಇದು ಒಂದು ಪೂರ್ತಿ ಶಿಫ್ಟ್ ಹಿಡಿಯಬಹುದು, ಎರಡು ದಿನವೂ ಆಗಬಹುದು. ‘ಯಾವಾಗ ಮೆಟೀರಿಯಲ್ ಹಾಕೋಣ?’ ಅಂತ ಪ್ರೊಡಕ್ಷನ್‌ನವರು ಬಂದು ನಿಲ್ಲುತ್ತಾರೆ. ಆ ಸದ್ದು ಪೂರ್ತಿ ಅಡಗಿ, ವೆಂಟಿನ ಹಬೆ ನಿಂತು, ಮುಳ್ಳು ಗಟ್ಟಿಯಾಗಿ ಕೂರುವವರೆಗೆ ಅವರಿಗೆ ಚಹಾ ಕೊಟ್ಟು ಕೂರಿಸುವುದೇ ಸರಿ.

ನೀರು ಹೋದ ಮೇಲೆ ಗಂಟೆಗೆ 20–30 ಡಿಗ್ರಿಯಂತೆ ಏರಿಸುತ್ತಾ ಹೋಗಬಹುದು. ಆಗ ಡೀಏರೇಟರ್ ವಾಲ್ವ್ ಮುಚ್ಚುವುದನ್ನು ಮರೆಯಬೇಡಿ. ಅದು ತೆರೆದೇ ಇದ್ದರೆ ಬಿಸಿ ಎಣ್ಣೆ ಮೇಲಿನ ಟ್ಯಾಂಕಿನಲ್ಲೂ ಸುತ್ತುತ್ತದೆ, ಅಲ್ಲಿ ಗಾಳಿ ಮುಟ್ಟುತ್ತದೆ. 60 ಡಿಗ್ರಿ ದಾಟಿದ ಎಣ್ಣೆಗೆ ಗಾಳಿ ತಾಗಿದರೆ ಅದು ಬೇಗ ಹುಳಿಯಾಗುತ್ತದೆ, ಗಸಿ ಕಟ್ಟುತ್ತದೆ. ಟ್ಯಾಂಕನ್ನು ಕೈಯಿಂದ ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಕೆಲವರು ಟ್ಯಾಂಕಿನೊಳಗೆ ಎಣ್ಣೆಯ ಮೇಲೆ ನೈಟ್ರೋಜನ್ ತುಂಬಿಸಿ ಗಾಳಿಯನ್ನೇ ದೂರ ಇಡುತ್ತಾರೆ. ಖರ್ಚು ತಡೆಯುವುದಾದರೆ ಒಳ್ಳೆಯದೇ.

ಮೊದಲ ಸಲ ಕಾಯಿಸಿ ಆರಿದ ಮೇಲೆ ಪೈಪುಗಳನ್ನು ಜೋಡಿಸುವ ಫ್ಲ್ಯಾಂಜ್ ಬೋಲ್ಟ್‌ಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಬೇಕು. ಗ್ಯಾಸ್ಕೆಟ್ ಕೂತಿರುತ್ತದೆ, ಬೋಲ್ಟ್ ಸಡಿಲಾಗಿರುತ್ತದೆ.

ಓಡುವಾಗ ಏನು ನೋಡಬೇಕು

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಎರಡು ಥರ್ಮಾಮೀಟರ್. ಹೀಟರಿಗೆ ಒಳಹೋಗುವ ಎಣ್ಣೆಯ ಕಾವು, ಹೊರಬರುವ ಎಣ್ಣೆಯ ಕಾವು. ಇವೆರಡರ ವ್ಯತ್ಯಾಸ ಸಾಮಾನ್ಯವಾಗಿ 20ರಿಂದ 40 ಡಿಗ್ರಿ ಒಳಗಿರುತ್ತದೆ. ಉರಿ ಅಷ್ಟೇ ಇದ್ದು ವ್ಯತ್ಯಾಸ ದಿನೇದಿನೇ ಹಿಗ್ಗುತ್ತಿದೆ ಅಂದರೆ ಹರಿವು ಕಡಿಮೆಯಾಗಿದೆ ಅಂತಲೇ ಅರ್ಥ. ಸ್ಟ್ರೇನರ್ ಕಟ್ಟಿದೆಯೋ, ಪಂಪು ಸವೆದಿದೆಯೋ, ಕಾಯಿಲ್‌ನಲ್ಲಿ ಇದ್ದಿಲು ಕೂತಿದೆಯೋ, ಹುಡುಕಬೇಕು. ಮೂರನೆಯದು ಚಿಮಣಿಯ ಹೊಗೆಯ ಕಾವು. ಅದು ದಿನಾ ಇರುವುದಕ್ಕಿಂತ ಏರುತ್ತಿದ್ದರೆ ಕಾಯಿಲ್ ಕಾವನ್ನು ತೆಗೆದುಕೊಳ್ಳುತ್ತಿಲ್ಲ. ಹೊರಗೆ ಮಸಿ ಇರಬಹುದು, ಒಳಗೆ ಇದ್ದಿಲು ಇರಬಹುದು. ಈ ಮೂರು ಅಂಕಿಯನ್ನು ಗಂಟೆಗೊಮ್ಮೆ ಬರೆದಿಟ್ಟರೆ ಸಾಕು, ಹೀಟರ್ ತನ್ನ ಕಾಯಿಲೆಯನ್ನು ತಿಂಗಳು ಮೊದಲೇ ಹೇಳುತ್ತದೆ. ಆದರೆ ನಿಜವಾಗಿ ನೋಡಿ ಬರೆಯಬೇಕು. ಶಿಫ್ಟ್ ಕೊನೆಗೆ ಒಂದೇ ಪೆನ್ನಿನಲ್ಲಿ ಎಂಟು ಸಾಲು ‘260, 260, 260’ ಬರೆದ ಪುಸ್ತಕ ಯಾರಿಗೂ ಪ್ರಯೋಜನವಿಲ್ಲ.

ಎಣ್ಣೆಯನ್ನು ವರ್ಷಕ್ಕೊಮ್ಮೆಯಾದರೂ ಲ್ಯಾಬಿಗೆ ಕಳಿಸಿ. ಮಂದತನ, ಆಮ್ಲ, ಫ್ಲ್ಯಾಶ್ ಪಾಯಿಂಟ್, ಇದ್ದಿಲಿನ ಅಂಶ ನೋಡುತ್ತಾರೆ. ಎರಡು ಬೇರೆ ಎಣ್ಣೆಗಳನ್ನು ಬೆರೆಸಬೇಡಿ.

ಗ್ಲಾಸ್‌ವುಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಇದನ್ನು ಕೇಳಿದವರು ಮೊದಲು ನಂಬುವುದಿಲ್ಲ. ಫ್ಲ್ಯಾಂಜ್‌ನಿಂದ ಹನಿ ಹನಿಯಾಗಿ ಸೋರಿದ ಎಣ್ಣೆಯನ್ನು ಗ್ಲಾಸ್‌ವುಲ್ ದೀಪದ ಬತ್ತಿಯಂತೆ ಹೀರಿಕೊಳ್ಳುತ್ತದೆ. ಒಳಗೆ ಬಿಸಿ ಪೈಪು, ಸುತ್ತ ಎಳೆಎಳೆಯಾಗಿ ಹರಡಿದ ಎಣ್ಣೆ, ಸ್ವಲ್ಪವೇ ಗಾಳಿ. ಅಲ್ಲಿ ಎಣ್ಣೆ ಮೆಲ್ಲಗೆ ಗಾಳಿಯೊಂದಿಗೆ ಬೆರೆತು ತಾನೇ ಕಾಯುತ್ತಾ ಹೋಗುತ್ತದೆ. ಹೊರಗೆ ಅಲ್ಯೂಮಿನಿಯಂ ಹಾಳೆ ಹೊಳೆಯುತ್ತಿರುತ್ತದೆ, ಸಂದಿಯಲ್ಲಿ ತೆಳುವಾದ ಹೊಗೆ ಎಳೆ. ಏನಾಗಿದೆ ನೋಡೋಣ ಅಂತ ಹಾಳೆ ಕಿತ್ತರೆ ಗಾಳಿ ಒಮ್ಮೆಲೇ ನುಗ್ಗಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೊಗೆ ಕಂಡರೆ ಹೀಟರಿನ ಬೆಂಕಿ ಆರಿಸಿ, ಲೈನ್ ತಣ್ಣಗಾಗಲು ಬಿಟ್ಟು, ಕೈಯಲ್ಲಿ ಡ್ರೈ ಪೌಡರ್ ಸಿಲಿಂಡರ್ ಹಿಡಿದೇ ತೆರೆಯಬೇಕು. ಅದಕ್ಕಿಂತ ಒಳ್ಳೆಯದು, ಫ್ಲ್ಯಾಂಜ್ ಮತ್ತು ವಾಲ್ವ್‌ಗಳಿಗೆ ಗ್ಲಾಸ್‌ವುಲ್ ಸುತ್ತದೇ ಬಿಡುವುದು. ಸ್ವಲ್ಪ ಕಾವು ಹೋದರೆ ಹೋಗಲಿ. ಸೋರಿದರೆ ಕಣ್ಣಿಗೆ ಕಾಣಬೇಕು. ಬೇಕಾದರೆ ಮುಟ್ಟದಂತೆ ಜಾಲರಿ ಹಾಕಿ.

ಕರೆಂಟ್ ಹೋದರೆ

ಡೀಸೆಲ್ ಬರ್ನರ್ ಇದ್ದರೆ ಕರೆಂಟ್ ಹೋದ ಕೂಡಲೇ ಬೆಂಕಿಯೂ ಆರುತ್ತದೆ. ಆದರೆ ನಮ್ಮ ಕಡೆ ಎಷ್ಟೋ ಹೀಟರುಗಳು ಓಡುವುದು ಕಟ್ಟಿಗೆ ಮತ್ತು ಬ್ರಿಕೆಟ್ (ಬೆಳೆ ತ್ಯಾಜ್ಯ ಒತ್ತಿ ಮಾಡಿದ ಇಂಧನ) ಮೇಲೆ. ಶೇಂಗಾ ಸಿಪ್ಪೆ, ಹತ್ತಿ ಕಟ್ಟಿಗೆ, ಗೋವಿನಜೋಳದ ದಿಂಡು, ಇವಕ್ಕೆ ಗದಗ, ಹಾವೇರಿ ಜಿಲ್ಲೆಗಳಲ್ಲಿ ಬರವಿಲ್ಲ. ಡೀಸೆಲ್‌ಗಿಂತ ಅಗ್ಗ. ಅದು ಒಳ್ಳೆಯ ಲೆಕ್ಕವೇ. ಆದರೆ ತುಂಬಿದ ಕೆಂಡಕ್ಕೆ ಸ್ವಿಚ್ ಇಲ್ಲ, ಅಲ್ವಾ? ಮುಂಗಾರಿನ ಮೊದಲ ಗುಡುಗಿಗೆ ಕರೆಂಟ್ ಹೋಯಿತು, ಪಂಪು ನಿಂತಿತು. ಕೆಂಡ ಉರಿಯುತ್ತಲೇ ಇದೆ. ಕುಲುಮೆಯ ಇಟ್ಟಿಗೆಯೂ ಕೆಂಪಗಿದೆ. ಕಾಯಿಲ್‌ನಲ್ಲಿ ಎಣ್ಣೆ ನಿಂತುಬಿಟ್ಟಿದೆ.

ಇಲ್ಲಿ ಉಳಿಸುವುದು ಎರಡು. ಒಂದು, ತಾನಾಗಿ ಚಾಲೂ ಆಗುವ ಡಿಜಿ (ಡೀಸೆಲ್ ಜನರೇಟರ್) ಅಥವಾ ಡೀಸೆಲ್ ಎಂಜಿನ್‌ನಿಂದಲೇ ಓಡುವ ಎರಡನೇ ಪಂಪು. ಇನ್ನೊಂದು, ಕೆಂಡವನ್ನು ಬೇಗ ಹೊರಗೆಳೆಯಲು ತಯಾರಿರುವ ಕೈಗಳು ಮತ್ತು ಉದ್ದನೆಯ ಕೊಕ್ಕೆ. ಕೆಲವು ಹೀಟರುಗಳಿಗೆ ಮೇಲಿನ ಟ್ಯಾಂಕಿನ ತಣ್ಣನೆಯ ಎಣ್ಣೆಯನ್ನು ಕಾಯಿಲ್ ಮೂಲಕ ಕೆಳಗಿನ ಡಂಪ್ ಟ್ಯಾಂಕಿಗೆ ಇಳಿಸುವ ಏರ್ಪಾಡೂ ಇರುತ್ತದೆ. ಆ ವಾಲ್ವ್ ಎಲ್ಲಿದೆ ಅಂತ ರಾತ್ರಿ ಪಾಳಿಯವನಿಗೆ ಕತ್ತಲಲ್ಲೂ ಗೊತ್ತಿರಬೇಕು.

ಕಾಯಿಲ್ ಒಡೆದರೆ ಮಾತ್ರ ಲೆಕ್ಕ ತಿರುಗುಮುರುಗು. ಚಿಮಣಿಯಿಂದ ದಿಢೀರನೆ ದಟ್ಟ ಕಪ್ಪು ಹೊಗೆ, ಮೇಲಿನ ಟ್ಯಾಂಕಿನ ಲೆವೆಲ್ ಇಳಿಯುತ್ತಿದೆ ಅಂದರೆ ಎಣ್ಣೆ ಕುಲುಮೆಗೆ ಬೀಳುತ್ತಿದೆ. ಆಗ ಪಂಪು ಓಡಿಸಿದರೆ ಬೆಂಕಿಗೆ ಎಣ್ಣೆ ಬಡಿಸಿದ ಹಾಗೆ. ಇಂಧನ, ಬ್ಲೋವರ್, ಪಂಪು ಮೂರೂ ನಿಲ್ಲಬೇಕು, ಹೀಟರಿನ ವಾಲ್ವ್‌ಗಳು ಮುಚ್ಚಬೇಕು, ಕುಲುಮೆ ಬಾಗಿಲು ತೆರೆಯಬಾರದು. ನೀರು ಹಾಕಲೇಬಾರದು. ನಿಮ್ಮ ಹೀಟರಿನ ಮ್ಯಾನ್ಯುಯಲ್‌ನಲ್ಲಿ ಈ ಎರಡೂ ಹೊತ್ತಿಗೆ ಏನು ಮಾಡಬೇಕು ಅಂತ ಬರೆದಿರುತ್ತದೆ. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಪ್ಯಾನೆಲ್ ಪಕ್ಕ ಅಂಟಿಸಿ. ಅರ್ಧ ಜನ ಆಪರೇಟರುಗಳಿಗೆ ಇಂಗ್ಲಿಷ್ ಮ್ಯಾನ್ಯುಯಲ್ ಆಫೀಸ್ ಬೀರುವಿನಲ್ಲಿ ಇರುವ ಒಂದು ಪುಸ್ತಕ ಅಷ್ಟೇ.

ಮಾಮೂಲಿ ನಿಲ್ಲಿಸುವಾಗಲೂ ಮೊದಲು ಬೆಂಕಿ, ಆಮೇಲೆ ಪಂಪು. ಬೆಂಕಿ ಆರಿಸಿದ ಮೇಲೂ ಎಣ್ಣೆ 100 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಪಂಪು ಓಡಬೇಕು. ಶನಿವಾರ ಸಂಜೆ ಎಲ್ಲರಿಗೂ ಊರಿಗೆ ಹೋಗುವ ಅವಸರ. ಎರಡು ಮೂರು ತಾಸು ಒಬ್ಬರು ಕೂರಲೇಬೇಕಾಗುತ್ತದೆ. ಅವರಿಗೆ ಓವರ್‌ಟೈಮ್ ಕೊಡಿ. ಹೊಸ ಕಾಯಿಲ್‌ನ ಬೆಲೆಯ ಮುಂದೆ ಅದು ಏನೂ ಅಲ್ಲ.

ಆ ಕೆಂಪು ವೈರಿನ ಯುನಿಟ್‌ನಲ್ಲಿ ಕಾಯಿಲ್ ಬದಲಾಯಿಸಿದ ಮೇಲೆ ಒಂದು ಸೋಮವಾರ ಬೆಳಗ್ಗೆ, ಬೆಂಕಿ ಹಾಕುವ ಮುಂಚೆ, ಹೇಳದೆ ಕೇಳದೆ ಮೇನ್ ಸ್ವಿಚ್ ಇಳಿಸಿ ಗಡಿಯಾರ ನೋಡುತ್ತಾ ನಿಂತೆ. ಸ್ಟ್ಯಾಂಡ್‌ಬೈ ಪಂಪಿನ ಎಂಜಿನ್ನಿಗೆ ಬ್ಯಾಟರಿ ಇಳಿದಿತ್ತು. ಕೊಕ್ಕೆ ಯಾರೋ ತೆಂಗಿನಕಾಯಿ ಕೀಳಲು ಒಯ್ದಿದ್ದರು. ಪಂಪು ಮತ್ತೆ ತಿರುಗುವಷ್ಟರಲ್ಲಿ 19 ನಿಮಿಷ ಆಗಿತ್ತು. ಈಗ ಅಲ್ಲಿ ತಿಂಗಳ ಮೊದಲ ಸೋಮವಾರ ಅದೇ ಪರೀಕ್ಷೆ ನಡೆಯುತ್ತದೆ. ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟಿದ್ದಾರೆ, ಕೊಕ್ಕೆಗೆ ಗೋಡೆಯ ಮೇಲೆ ಎರಡು ಮೊಳೆ ಹೊಡೆದು ಕೆಂಪು ಬಣ್ಣ ಬಳಿದಿದ್ದಾರೆ. ಕಳೆದ ಸಲ ನಾನು ಹೋದಾಗ ರಾತ್ರಿ ಪಾಳಿಯ ಹುಡುಗ 40 ಸೆಕೆಂಡಿನಲ್ಲಿ ಪಂಪು ತಿರುಗಿಸಿದ.